ಚಪ್ಪಲಿ ಬಿಟ್ಟು ಬಂದ ಮಾತು

“ನಮ್ಮ ಮಗ್ಗದ ಮುಂದೆ ಆ ಮಾತು ಬ್ಯಾಡ್ರಿ!”

ದನಿ ಅಷ್ಟು ಜೋರಾಗಿ ಬಂದದ್ದು ವೀಣಾಳಿಗೇ ಆಶ್ಚರ್ಯ. ಕೈಯಲ್ಲಿದ್ದ ಲಾಳಿ ಅರ್ಧದಲ್ಲೇ ನಿಂತಿತ್ತು. ಕೆನ್ನೆ ಸುಡುತ್ತಿತ್ತು.

ಎದುರಿಗೆ ಫೋನ್ ಹಿಡಿದು ನಿಂತವನು ಸಿದ್ದಲಿಂಗೇಶ್. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ ನಡೆಸುವ ಮನೆಯ ಮಗ. ತಂಗಿ ದೀಪಿಕಾಳ ಮದುವೆಗೆ ರೇಷ್ಮೆ ಸೀರೆ ನೇಯಿಸಲೆಂದು ಮೊಳಕಾಲ್ಮುರಿಗೆ ಬಂದಿದ್ದ. ಹಣೆಯ ಮೇಲೆ ವಿಭೂತಿ, ಕಣ್ಣಲ್ಲಿ ಒಂದು ಬಗೆಯ ಸಂಕೋಚ. ಚಪ್ಪಲಿ ಹೊರಗೆ ಬಿಟ್ಟು, ಮಗ್ಗಕ್ಕೆ ಕೈಮುಗಿದು ಒಳಗೆ ಬಂದಾಗ ವೀಣಾಳ ಮನಸ್ಸಿಗೆ ಎಷ್ಟೋ ಹಿತವಾಗಿತ್ತು.

ಆಮೇಲೆ ಆ ಫೋನ್ ಬಂತು...

ತಂಗಿಯೇ ಇರಬೇಕು. ಅವನು ಸರಸರನೆ ಇಂಗ್ಲಿಷಿನಲ್ಲಿ ಮಾತಾಡಿದ. ಆ ಮಾತು ಕಿವಿಗೆ ಬಿದ್ದೊಡನೆ ವೀಣಾಳ ಕೆನ್ನೆ ಸಿಟ್ಟಿಗೆ ಕೆಂಪೇರಿತು. ಮಾತಾಡುತ್ತಾ ವೀಣಾಳತ್ತ ನೋಡಿದ. ನೋಡಿ, ನಕ್ಕ!

“ಯಾವ ಮಾತ್ರಿ?” ಅವನು ತಬ್ಬಿಬ್ಬಾಗಿ ಕೇಳಿದ.

“ಅದೇ, ಇಂಗ್ಲಿಷು. ನಮ್ಮನ್ನೇ ನೋಡ್ಕೊಂಡು, ನಮಗೆ ತಿಳೀದಂಗೆ ಆಡಿ, ನಕ್ರಲ್ಲ!”

“ಹಂಗಲ್ರಿ... ನಾನು ನಕ್ಕಿದ್ದು...”

“ಹೂಂ, ಹೇಳ್ರಿ. ಯಾಕೆ ನಕ್ರಿ?”

ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ.

ನೋಡಿದೆಯಾ! ಹೇಳುವಂಥ ಮಾತಾಗಿದ್ದರೆ ಹೇಳುತ್ತಿರಲಿಲ್ಲವೇ? ವೀಣಾಳ ಮನಸ್ಸು ಅಲ್ಲಿಗೆ ಗಟ್ಟಿಯಾಯಿತು.

ಒಳಗಿನಿಂದ ನೀರು ತಂದ ತಾಯಿ ಈಶ್ವರಮ್ಮ ಮಗಳ ಕೆಂಪೇರಿದ ಮುಖ ನೋಡಿ, ಮನೆಮಾತಾದ ತೆಲುಗಿನಲ್ಲಿ ಮೆಲ್ಲಗೆ, “ಮಂಚೋಡಿಲಾಗೇ ಉನ್ನಾಡೇ...” ಎಂದಳು. ಒಳ್ಳೆಯವನ ಹಾಗೇ ಕಾಣುತ್ತಾನಲ್ಲೇ, ಎಂದು.

“ಮುಖಂ ಬಾಗುಂದಿ. ಮಾಟ ಮಾತ್ರಂ ನಮ್ಮೊದ್ದು,” ಎಂದಳು ವೀಣಾ. ಮುಖ ಚೆನ್ನಾಗಿದೆ, ಮಾತು ಮಾತ್ರ ನಂಬಬೇಡ!

ಸಿದ್ದಲಿಂಗೇಶ್ ತಲೆ ತಗ್ಗಿಸಿ ನೀರು ಕುಡಿದ. ಅವನ ಕಿವಿ ಯಾಕೋ ಕೆಂಪಾಗಿತ್ತು. ಬಿಸಿಲಿರಬೇಕು ಎಂದುಕೊಂಡಳು.

ದೀಪಿಕಾ ಕೇಳಿದ್ದು ಈರುಳ್ಳಿ ಸಿಪ್ಪೆಯ ಬಣ್ಣದ ಸೀರೆ. ವೀಣಾಳ ತಂದೆ ವೆಂಕಟಪ್ಪ ಒಪ್ಪಿಕೊಂಡರು. ಒಪ್ಪಿಕೊಂಡ ಕೆಲಸ ದೇವರ ಕೆಲಸ. ನೇಯುವವರು ಯಾರ ಮೇಲಿನ ಸಿಟ್ಟನ್ನೂ ನೂಲಿಗೆ ತಾಗಿಸಬಾರದೆಂಬುದು ಆ ಮನೆಯ ನೇಮ. ವೀಣಾ ನುಂಕೆಮಲೆ ಸಿದ್ದೇಶ್ವರನನ್ನು ನೆನೆದು ಆ ಸೀರೆಗೆ ಕೂತಳು.

ಆದರೆ ಸಂಶಯ ನೂಲಿನ ಹಾಗಲ್ಲ. ಅದು ಹರಿಯುವುದೇ ಇಲ್ಲ.

ಆ ಸಂಶಯಕ್ಕೂ ಒಂದು ಬೇರಿತ್ತು. ಅಕ್ಕ ಸ್ವಪ್ನಳನ್ನು ನೋಡಲು ಹಿಂದೊಮ್ಮೆ ಗಂಡಿನ ಕಡೆಯವರು ಬಂದಿದ್ದರು. ಒಬ್ಬಟ್ಟು ಉಂಡರು, ಹೊಗಳಿದರು. ಊಟದ ನಡುವೆ ಹುಡುಗನೂ ಅವನ ಅಣ್ಣನೂ ನಗುನಗುತ್ತಾ ಇಂಗ್ಲಿಷಿನಲ್ಲಿ ಏನೋ ಆಡಿಕೊಂಡರು. ಆ ನಗು ಕಂಡು ಮನೆಯವರೆಲ್ಲ ಸಂಬಂಧ ಕುದುರಿತೆಂದೇ ಸಂತೋಷಪಟ್ಟರು. ವೀಣಾಳಿಗೆ ಮಾತ್ರ ಆ ಮಾತಿನ ಹರಿವಿನಲ್ಲಿ ಒಂದೇ ಒಂದು ಪದ ಸಿಕ್ಕಿತ್ತು... “ಡಾರ್ಕ್”.

ಅಕ್ಕ ಅವರಿಗೆ ತುಪ್ಪ ಬಡಿಸುತ್ತಿದ್ದಳು! ಅವಳ ಬಣ್ಣವನ್ನು ಅವಳೆದುರೇ ತೂಗಿ, ಅವಳ ಕೈಯಿಂದಲೇ ತುಪ್ಪ ಹಾಕಿಸಿಕೊಂಡರಲ್ಲ...

ಆ ಸಂಬಂಧ ಕೂಡಿಬರಲಿಲ್ಲ; ಸ್ವಪ್ನ ಈಗ ಅನಂತಪುರದಲ್ಲಿ ಬೇರೊಂದು ಒಳ್ಳೆಯ ಮನೆ ಸೇರಿ ಸುಖವಾಗಿದ್ದಾಳೆ. ಆದರೆ ಆ ಪದ ವೀಣಾಳ ಎದೆಯಿಂದ ಕದಲಿರಲಿಲ್ಲ.

ಸೀರೆ ನೋಡುವ ನೆಪದಲ್ಲಿ ಸಿದ್ದಲಿಂಗೇಶ್ ಮತ್ತೆ ಬಂದ. ಇನ್ನೊಮ್ಮೆಯೂ ಬಂದ. ಈಗ ಫೋನ್ ಬಂದರೆ ಎದ್ದು ಬೀದಿಗೆ ಹೋಗುತ್ತಿದ್ದ.

ಎದುರಿಗೆ ಆಡುತ್ತಿದ್ದವನು ಈಗ ಮರೆಗೆ ಹೋಗಿ ಆಡುತ್ತಾನೆ! ಅಷ್ಟು ಗುಟ್ಟು ಏನಿರಬಹುದು?

ಒಂದು ಮಧ್ಯಾಹ್ನ ಅವನೇ ಮೆಲ್ಲಗೆ ಕೇಳಿದ, “ಇಂಗ್ಲಿಷ್ ಮ್ಯಾಲೆ ನಿಮಗೆ ಯಾಕ್ರಿ ಅಷ್ಟು ಸಿಟ್ಟು?”

“ಸಿಟ್ಟು ಯಾರಿಗೈತೆ?” ವೀಣಾ ತಲೆಯೆತ್ತಲಿಲ್ಲ. “ಬಸ್ಸು ಅಂತೀವಿ. ಬಲ್ಬು ಅಂತೀವಿ. ನಮ್ಮ ಬೀದಿ ಮಕ್ಕಳೆಲ್ಲ ವ್ಯಾನ್ ಹತ್ತಿ ಇಂಗ್ಲಿಷ್ ಶಾಲೆಗೆ ಹೋಗ್ತಾವೆ. ಕಲೀಲಿ ಬಿಡ್ರಿ, ನಾಳೆ ಅನ್ನಕ್ಕೆ ಬೇಕು. ನಾನೂ ಡಿಗ್ರಿ ಮಾಡೀನಿ. ಓದಿದ್ರೆ ತಿಳೀತೈತೆ. ಬಿರುಸಾಗಿ ಆಡಿದ್ರೆ ಮಾತ್ರ ಕೈಗೆ ಸಿಗಲ್ಲ.”

“ಮತ್ತೇನು ತೊಂದ್ರೆ?”

“ಬಸ್ಸು, ಬಲ್ಬು ಎಲ್ಲ ಹೊಸಿಲಾಚೆ ಚಪ್ಪಲಿ ಬಿಟ್ಟು, ಕಾಲು ತೊಳ್ಕೊಂಡು ಒಳಗೆ ಬಂದ ಮಾತು. ನಮ್ಮ ಜೊತೆ ಚಾಪೆ ಮ್ಯಾಲೆ ಕುಂತು ಊಟ ಮಾಡ್ತಾವೆ. ನೀವು ಆಡೋದು ಹಂಗಲ್ಲ. ಚಪ್ಪಲಿ ಹಾಕ್ಕೊಂಡೇ ದೇವರ ಮನೆತನಕ ನುಗ್ಗಿ ಬರ್ತೈತೆ!”

ಅವನು ನಗಲಿಲ್ಲ. “ಇದನ್ನ ಯಾರೂ ಹಿಂಗೆ ಹೇಳಿರಲಿಲ್ಲ ಕಣ್ರಿ,” ಎಂದ.

ಆ ದನಿ ಎಷ್ಟು ಮೃದುವಾಗಿತ್ತೆಂದರೆ ವೀಣಾ ತಲೆಯೆತ್ತಿ ಅವನನ್ನು ನೋಡಿಬಿಟ್ಟಳು. ಛೆ! ಮುಖ ಚೆನ್ನಾಗಿದೆ, ಮಾತು ನಂಬಬಾರದು... ತಾನೇ ಆಡಿದ್ದನ್ನು ತಾನೇ ಜಪದಂತೆ ಹೇಳಿಕೊಳ್ಳಬೇಕಾಯಿತು.

ಅವನು ಹೋದ ಮೇಲೆ ಈಶ್ವರಮ್ಮ ನಕ್ಕಳು. “ಆ ಹುಡುಗ ಸೀರೆ ನೋಡೋಕೆ ಬರ್ತಾನೋ, ನಿನ್ನ ಕೈಲಿ ಬೈಸ್ಕೊಳ್ಳೋಕೆ ಬರ್ತಾನೋ?”

“ನೀನೊಬ್ಳು ಸುಮ್ನಿರಮ್ಮಾ!”

ಆದರೆ ಅವನು ಬರದ ದಿನ ಬೀದಿಯ ಪ್ರತಿ ಬೈಕಿನ ಸದ್ದಿಗೂ ಲಾಳಿ ನಿಲ್ಲುತ್ತಿತ್ತು. ಅದನ್ನು ದೇವರೊಬ್ಬನೇ ಬಲ್ಲ.

ಸೆರಗಿನ ಕೆಲಸ ನಡೆಯುತ್ತಿದ್ದಾಗ ಅದಾಯಿತು.

ಸಿದ್ದಲಿಂಗೇಶ್ ಬೀದಿಯಲ್ಲಿ ನಿಂತು ತಂಗಿಯೊಡನೆ ಮಾತಾಡುತ್ತಿದ್ದ. ಕಿಟಕಿ ತೆರೆದಿತ್ತು. ವೀಣಾ ಬೇಕೆಂದೇ ಕಿವಿಗೊಟ್ಟಳು. ಆ ಹರಿವಿನಲ್ಲಿ ಎರಡು ತುಂಡು ಅವಳ ಕೈಗೆ ಸಿಕ್ಕವು.

“ವೀವರ್ಸ್ ಡಾಟರ್...”

ಸ್ವಲ್ಪ ತಡೆದು, “ಡೋಂಟ್ ಟೆಲ್ ಅವ್ವ.”

ನೇಕಾರರ ಮಗಳು. ಅವ್ವಗೆ ಹೇಳಬೇಡ!

ಹಾಗಾದರೆ ಇಷ್ಟು ದಿನದ ಆ ಮೃದು ದನಿ, ಆ ನೋಟ... ಎಲ್ಲ ಹೊತ್ತು ಕಳೆಯುವ ಆಟ. ಅವ್ವನ ಮುಂದೆ ಹೇಳಲು ನಾಚಿಕೆಯಾಗುವ ಹುಡುಗಿ ನಾನು.

ಅವನು ಒಳಗೆ ಬಂದು ಕೂರುವಷ್ಟರಲ್ಲಿ ಅವಳು ತಾಯಿಯತ್ತ ತಿರುಗಿ, ಅವನೆದುರೇ ತೆಲುಗಿನಲ್ಲಿ ಅಂದಳು:

“ಅಮ್ಮಾ, ಈ ಚೀರ ಅಯ್ಯಾಕ ವೀಡಿನಿ ಮನ ಗಡಪ ತೊಕ್ಕನಿಯ್ಯಕು!” ಈ ಸೀರೆ ಮುಗಿದ ಮೇಲೆ ಇವನು ನಮ್ಮ ಹೊಸಿಲು ತುಳಿಯಕೂಡದು!

ಈಶ್ವರಮ್ಮ ಏನೋ ಹೇಳಹೊರಟಳು. ಅದಕ್ಕೂ ಮೊದಲೇ...

“ತೊಕ್ಕನು,” ಎಂದ ಸಿದ್ದಲಿಂಗೇಶ್. ತುಳಿಯುವುದಿಲ್ಲ. “ಕಾನೀ ಎಂದುಕೋ ಚೆಪ್ಪು.” ಆದರೆ ಯಾಕೆ ಅಂತ ಹೇಳು.

ಅಚ್ಚ ತೆಲುಗು!

ಮೂಲೆಯಲ್ಲಿ ಕೂತಿದ್ದ ವೆಂಕಟಪ್ಪನವರ ಕೈಯ ನೂಲಿನುಂಡೆ ಉರುಳಿ, ನೇಯುವವರು ಕಾಲಿಳಿಸಿ ಕೂರುವ ಮಗ್ಗದ ಗುಂಡಿಗೆ ಬಿತ್ತು. ಈಶ್ವರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಿಮಗೆ... ತೆಲುಗು ಬರ್ತೈತಾ?” ವೀಣಾ ಕೇಳಿದಳು.

“ಪರಶುರಾಂಪುರದಾಗೆ ನಮ್ಮಜ್ಜಿ ಮನೆ. ಚಿಕ್ಕೋನಿದ್ದಾಗ ಅಲ್ಲೇ ಬೆಳ್ದೆ. ಬೀದಿ ತುಂಬ ತೆಲುಗೇ.”

“ಅಂದ್ರೆ ಮೊದಲನೇ ದಿನದಿಂದ...”

“ಹೂಂ. ಮುಖಂ ಬಾಗುಂದಿ ಅಂದಿದ್ದೂ ಕೇಳಿಸ್ತು. ಮಿಕ್ಕಿದ್ದೂ ಕೇಳಿಸ್ತು.”

ನಾಚಿಕೆ, ಸಿಟ್ಟು, ಅವಮಾನ ಎಲ್ಲವೂ ಒಟ್ಟಿಗೇ ನುಗ್ಗಿದವು. “ಕೇಳಿಸ್ಕೊಂಡೂ ಸುಮ್ನೆ ಕುಂತಿದ್ರಾ? ಕಳ್ಳರಂಗೆ!”

“ನನ್ನ ಮುಂದೇನೇ ನನ್ನ ಬಗ್ಗೆ ನೀವು ತೆಲುಗಿನಾಗೆ ಆಡಿದ್ರಿ. ನಿಮ್ಮ ಮುಂದೆ ನಾನು ಇಂಗ್ಲಿಷ್‌ನಾಗೆ ಆಡಿದೆ. ಚಪ್ಪಲಿ ಯಾರ ಕಾಲಾಗಿತ್ತು, ನೀವೇ ಹೇಳ್ರಿ.”

ಆ ಮಾತು ವೀಣಾಳಿಗೆ ನಾಟಿತು. ಆದರೂ ಹಟ ಬಿಡದೆ ಕೇಳಿದಳು, “ಅವ್ವಗೆ ಹೇಳಬ್ಯಾಡ ಅಂದ್ರಲ್ಲ, ಅದು? ನೇಕಾರರ ಮಗಳು ಅಂದ್ರಲ್ಲ, ಅದು?”

ಅವನ ಮುಖದ ಬಣ್ಣವೇ ಹೋಯಿತು. ಹಿರಿಯರಿಬ್ಬರನ್ನೂ ನೋಡಿದ. ತಲೆ ತಗ್ಗಿಸಿದ.

“ಅದನ್ನ ಹೇಳೋಕೆ ಇನ್ನೊಬ್ರು ಬೇಕು. ಕರ್ಕೊಂಡು ಬರ್ತೀನಿ,” ಎಂದವನು ಎದ್ದು ಹೊರಟೇಬಿಟ್ಟ.

ಮತ್ತೊಂದು ನೆಪ! ಎಂದಿತು ಮನಸ್ಸು. ಆದರೆ ಈ ಸಲ ಆ ಮನಸ್ಸಿನ ಮಾತನ್ನೂ ಪೂರ್ತಿ ನಂಬಲು ಅವಳಿಗೆ ಧೈರ್ಯ ಬರಲಿಲ್ಲ. ತಾವೆಲ್ಲ ಎಷ್ಟು ಗಿರಾಕಿಗಳ ಮುಂದೆ ಹೀಗೆ ತೆಲುಗಾಡಿ ನಕ್ಕಿದ್ದೇವೆ... ಅವರಲ್ಲಿ ಯಾರ ಕಿವಿ ಕೆಂಪಾಗಿತ್ತೋ ಏನೋ. ದೇವರ ಮುಂದೆ ಕೂತು ದೀಪ ಹಚ್ಚುವಾಗ ಅವಳ ಕಣ್ಣು ತುಂಬಿ ಬಂತು.

ಸೀರೆ ಮುಗಿಯಿತು.

ಮಗ್ಗದಿಂದ ಸೀರೆ ಕತ್ತರಿಸುವ ದಿನ ಆ ಮನೆಯಲ್ಲಿ ಸಣ್ಣ ಪೂಜೆ. ಅರಿಶಿನ ಕುಂಕುಮವಿಟ್ಟು, ಕಾಯಿ ಒಡೆದು, ಉಡುವವರ ಹೆಸರು ಹೇಳಿ ಕತ್ತರಿಸುತ್ತಾರೆ. ಚಳ್ಳಕೆರೆಯಿಂದ ದೀಪಿಕಾ ಬಂದಳು. ಜೊತೆಗೆ ತಾಯಿ ಸುಲೋಚನಮ್ಮ, ಕೊರಳಲ್ಲಿ ಲಿಂಗ, ಮುಖದಲ್ಲಿ ಗಾಂಭೀರ್ಯ.

ಸಿದ್ದಲಿಂಗೇಶ್ ಮಾತ್ರ ಒಳಗೆ ಬರಲಿಲ್ಲ. ಚಪ್ಪಲಿ ಕಳಚಿ, ಸುಡುವ ನೆಲದ ಮೇಲೆ ಬರಿಗಾಲಲ್ಲಿ ಹೊಸಿಲಾಚೆ ನಿಂತ.

“ಒಳಗೆ ಬಾರೋ, ಬಿಸ್ಲು!” ಎಂದರು ಸುಲೋಚನಮ್ಮ.

“ಮಾತು ಕೊಟ್ಟೀನವ್ವ, ತುಳಿಯಲ್ಲ ಅಂತ. ಇಲ್ಲಿಂದಾನೇ ಹೇಳ್ತೀನಿ. ಇಂಗ್ಲಿಷ್‌ನಾಗೆ ಆಡಿದ್ದೆಲ್ಲ ಎಲ್ಲರ ಮುಂದೆ ಕನ್ನಡದಾಗೆ ಹೇಳ್ತೀನಿ.”

ಬೀದಿಯವರು ಒಬ್ಬೊಬ್ಬರೇ ಬಾಗಿಲಿಗೆ ಬಂದರು.

“ಮೊದಲನೇ ದಿನ ದೀಪಿಕಾ ಫೋನ್‌ನಾಗೆ ಈರುಳ್ಳಿ ಸಿಪ್ಪೆ ಬಣ್ಣ ಮರೀಬ್ಯಾಡ ಅಂದ್ಲು. ಆ ಬಣ್ಣ ಹೆಂಗಿರ್ತೈತೆ ಅಂತ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು, ಇಲ್ಲೊಬ್ಳು ಹುಡುಗಿಗೆ ಸಿಟ್ಟು ಬಂದೈತೆ, ಅವಳ ಕೆನ್ನೆ ಬಣ್ಣ ಅದೇ ಅಂದೆ. ಅಂದು ನಕ್ಕೆ.”

ವೀಣಾ ಮಗ್ಗದ ಮೇಲಿನ ಸೀರೆ ನೋಡಿದಳು. ಇಷ್ಟು ದಿನ ಸಂಶಯಪಡುತ್ತಾ ಅವಳು ನೇಯ್ದದ್ದು ತನ್ನದೇ ಕೆನ್ನೆಯ ಬಣ್ಣ!

“ಕೊನೇ ದಿನ ನಾನು ಅಂದಿದ್ದು ಇಷ್ಟು: ಆ ನೇಕಾರರ ಮಗಳನ್ನ ಬಿಟ್ಟು ಇನ್ನೊಬ್ರನ್ನ ಮದುವೆ ಆಗೋ ಮನಸ್ಸು ನನಗಿಲ್ಲ. ಅವ್ವಗೆ ಈಗ್ಲೇ ಹೇಳಬ್ಯಾಡ. ಮೊದಲು ಅವರನ್ನ ಕೇಳಬೇಕು. ಅವರು ಒಲ್ಲೆ ಅಂದ್ರೆ ಅವರ ಹೆಸರು ನಮ್ಮನೇಲಿ ಯಾರ ಬಾಯಿಗೂ ಬೀಳಬಾರ್ದು.”

ಎಲ್ಲರೂ ಸುಲೋಚನಮ್ಮನವರತ್ತ ನೋಡಿದರು. ಅವರ ಕಣ್ಣಲ್ಲಿ ನೀರು.

“ಇಷ್ಟೇನೇನೋ?” ಎಂದರು. “ನಾನು ಪಕ್ಕದಾಗೆ ಕುಂತಿದ್ರೂ ಈ ದೀಪಿಕಾ ಫೋನ್ ಹಿಡ್ಕೊಂಡು ಇಂಗ್ಲಿಷ್‌ನಾಗೆ ಗುಸುಗುಸು ಅನ್ನೋಳು. ಮೊನ್ನೆ ಮೈ ತೋರಿಸ್ಕೊಂಡು ಬಂದಿದ್ನಲ್ಲ, ಆ ಆಸ್ಪತ್ರೆಯೋರು ನಂಗೇನೋ ದೊಡ್ಡ ಕಾಯಿಲೆ ಹೇಳ್ಯಾರೆ, ಮಕ್ಕಳು ಮುಚ್ಚಿಡ್ತಾವೆ ಅಂತ ತಿಳ್ಕೊಂಡು ಊಟ ಬಿಟ್ಟಿದ್ನಲ್ಲೋ! ಶಿವನೇ, ಇವಳ ಮದುವೆ ನೋಡೋವರೆಗಾದ್ರೂ ಉಳಿಸಪ್ಪಾ ಅಂತ ಬೇಡ್ಕೊಂಡಿದ್ದೆ!”

ದೀಪಿಕಾ ಓಡಿಬಂದು ಅವ್ವನನ್ನು ತಬ್ಬಿಕೊಂಡಳು. ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದ ಈಶ್ವರಮ್ಮನಿಗೆ ನಗು ಬಂತು. ಸುಲೋಚನಮ್ಮನೂ ನಕ್ಕರು.

ಆಮೇಲೆ ನಿಧಾನವಾಗಿ ಅಂದರು, “ನಮ್ಮೋರು, ನಿಮ್ಮೋರು, ಎಲ್ಲರೂ ಒಂದೊಂದು ಮಾತು ಆಡ್ತಾರೆ ವೆಂಕಟಪ್ಪನೋರೇ. ನನಗೂ ಅಳುಕೈತೆ. ಆದ್ರೆ ಅವರು ಆಡೋದನ್ನ ನಮ್ಮ ಮುಂದೆ ಆಡ್ಲಿ, ಮುಂದೇನೇ ಉತ್ತರ ಹೇಳಣ. ಮೊದ್ಲು ನಿಮ್ಮ ಮಗಳು ಏನಂತಾಳೆ ಕೇಳ್ರಿ.”

ವೆಂಕಟಪ್ಪ ಮಗಳತ್ತ ನೋಡಿದರು. ಕಾಯಿ ಒಡೆಯಲು ಎತ್ತಿದ್ದ ಕೈಯನ್ನು ಹಾಗೇ ತಡೆದು ನಿಂತರು.

ವೀಣಾ ಮಗ್ಗದ ಗುಂಡಿಯಿಂದ ಎದ್ದು ಬಂದಳು. ಹೊಸಿಲಿನ ಈಚೆ ಅವಳು, ಆಚೆ ಅವನು.

“ಅವತ್ತು ನಿಮ್ಮ ಮುಂದೆ ತೆಲುಗು ಆಡಿದ್ದು ತಪ್ಪಾಯ್ತು,” ಎಂದಳು ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ.

“ನಾನು ಸುಮ್ನಿದ್ದಿದ್ದೂ ತಪ್ಪೇ ಕಣ್ರಿ. ನೀವು ಬೈಯೋದು ಕೇಳೋಕೆ ಆಸೆ ಆಗಿತ್ತು.”

“ಕಾಲು ಸುಡ್ತಾ ಐತಾ?”

“ಬಾಳ.”

ಅವಳು ತುಟಿ ಕಚ್ಚಿ ನಗು ತಡೆದಳು. ಅವನು ಮೆಲ್ಲಗೆ, ಅವಳ ಮನೆಮಾತಿನಲ್ಲೇ ಕೇಳಿದ, “ರಾವಚ್ಚಾ?” ಬರಬಹುದಾ?

“ಓಕೆ.”

“ಏನು? ಇದು ಇಂಗ್ಲಿಷ್ ಅಲ್ವೇನ್ರಿ!”

ಅವಳ ಕೆನ್ನೆ ಮತ್ತೆ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ಈ ಸಲ ಸಿಟ್ಟಿನಿಂದಲ್ಲ.

“ಅದು ಚಪ್ಪಲಿ ಬಿಟ್ಟು ಒಳಗೆ ಬಂದು ಎಷ್ಟೋ ಕಾಲ ಆಯ್ತು... ನೀವೇ ಇನ್ನೂ ಹೊರಗೆ ನಿಂತೀರಿ!”