ಮೂರು ಪೌಂಡಿನ ಫಿಲ್ಟರ್

"ರೀ, ಬಿಡಿ ಅದನ್ನ! ನಾನು ಮೊದಲು ನೋಡಿದ್ದು!"

ಹಾಗಂತ ಇಂಗ್ಲಿಷಿನಲ್ಲಿ ಗದರಿದವಳು ಮಾಳವಿಕಾ. ಗದರಿಸಿಕೊಂಡವನು ಆರಡಿ ಎತ್ತರದ ಒಬ್ಬ ಅಪರಿಚಿತ. ಜಾಗ, ಲಂಡನ್ನಿನ ಪಿನ್ನರ್‌ನ ಹೈ ಸ್ಟ್ರೀಟಿನಲ್ಲಿ, ಜನ ದಾನ ಕೊಟ್ಟ ಹಳೆಯ ಸಾಮಾನು ಮಾರುವ ಒಂದು ಚಾರಿಟಿ ಅಂಗಡಿ. ಶನಿವಾರ ಬೆಳಿಗ್ಗೆ, ಬಾಗಿಲು ತೆಗೆದು ಐದೇ ನಿಮಿಷವಾಗಿತ್ತು.

ಜಗಳಕ್ಕೆ ಕಾರಣ ಹಿತ್ತಾಳೆಯ ಒಂದು ಚಕ್ಕುಲಿ ಒರಳು! ಒರಳು ಅವಳ ಕೈಯಲ್ಲಿ, ಹಿಟ್ಟು ಒತ್ತುವ ಹಿಡಿ ಅವನ ಕೈಯಲ್ಲಿ. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು. ಪಾಪ, ಅಂಗಡಿಯವರು ಅದಕ್ಕೆ 'ಹಳೆಯ ಪಾಸ್ತಾ ಯಂತ್ರ, ನಾಲ್ಕು ಪೌಂಡ್' ಎಂದು ಚೀಟಿ ಅಂಟಿಸಿದ್ದರು.

"ಚಕ್ಕುಲಿ ಮುಖಾನಾದ್ರೂ ಕಂಡಿದಾನೋ ಇಲ್ವೋ, ಮಹಾರಾಯ..." ಮಾಳವಿಕಾ ಕನ್ನಡದಲ್ಲಿ ಗೊಣಗಿದಳು.

"ಕಂಡಿದೀನಿ. ಡಬ್ಬಿಗಟ್ಟಲೆ ತಿಂದೂ ಇದೀನಿ," ಎಂದ ಅವನು, ಅಚ್ಚ ಕನ್ನಡದಲ್ಲಿ.

ಮಾಳವಿಕಾಳ ಕಿವಿ ಕೆಂಪಾಯಿತು. ಆದರೂ ಒರಳನ್ನು ಮಾತ್ರ ಬಿಡಲಿಲ್ಲ!

ಗಲ್ಲಾದಲ್ಲಿ ಕೂತಿದ್ದ ಬ್ರೆಂಡಾ ಎಂಬ ಮುದುಕಿ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿ ತೀರ್ಪು ಕೊಟ್ಟಳು. ಬೆಲೆಯ ಚೀಟಿ ಯಾರ ಕೈಯಲ್ಲಿದೆಯೋ ಸಾಮಾನು ಅವರದು. ಚೀಟಿ ಇದ್ದದ್ದು ಒರಳಿನ ಮೇಲೆ.

"ಸರಿ, ಒರಳು ನಿಮ್ಮದು," ಎಂದ ಅವನು ನಗುತ್ತಾ. "ಹಿಡಿ ಮಾತ್ರ ನನ್ನ ಹತ್ರ ಇರತ್ತೆ. ಚಕ್ಕುಲಿ ಮಾಡೋ ದಿನ ಫೋನ್ ಮಾಡಿ, ತಂದ್ಕೊಡ್ತೀನಿ. ನನ್ನ ಹೆಸರು ಸಮರ್ಥ."

"ಇದನ್ನ ಕಳ್ಳತನ ಅಂತಾರೆ!"

"ಅಂತಾರೆ. ನಂಬರ್ ಬರ್ಕೊಳ್ಳಿ."

ಎಂಥಾ ಕೊಬ್ಬು! ಎಂದುಕೊಂಡಳು ಮಾಳವಿಕಾ. ನಂಬರ್ ಬರೆದುಕೊಂಡಳು.

ನಾಲ್ಕನೆಯ ದಿನ ಅವಳಿಗೆ ಚಕ್ಕುಲಿ ತಿನ್ನುವ ಆಸೆ ತಡೆಯಲಾರದಷ್ಟು ಬಂತು. ಹಾಗಂತ ಅವಳು ಹೇಳಿಕೊಂಡಳು, ನಾವೂ ನಂಬೋಣ.

ಮೈಸೂರಿನ ಮಾಳವಿಕಾ ಲಂಡನ್ನಿಗೆ ಬಂದು ಆರು ವರ್ಷ. ಈಗ ಕ್ರೋಯ್ಡನ್‌ನಲ್ಲಿ ಕೌನ್ಸಿಲ್ ಕಚೇರಿಯ ಕೆಲಸ, ನಮ್ಮ ನಗರಸಭೆಯಂಥದ್ದು. ಮೊದಲ ಚಳಿಗಾಲದಲ್ಲಿ ಹೊಸ ಕೋಟು ಕೊಳ್ಳಲಾಗದೆ ಚಾರಿಟಿ ಅಂಗಡಿಯ ಮೆಟ್ಟಿಲು ಹತ್ತಿದ್ದಳು. ಎಂಟು ಪೌಂಡಿಗೆ ಅಪ್ಪಟ ಉಣ್ಣೆಯ ಕೋಟು! ಅಂದಿನಿಂದ ಅದು ಕಷ್ಟಕ್ಕೆ ಮಾಡುವ ಕೆಲಸವಾಗಿ ಉಳಿಯಲಿಲ್ಲ, ಹೆಮ್ಮೆಯಿಂದ ಮಾಡುವ ಕೆಲಸವಾಯಿತು. ಪ್ರತಿ ಶನಿವಾರ ಊರಿನ ಆ ತುದಿಯಿಂದ ಈ ತುದಿಗೆ, ಒಂದೂವರೆ ತಾಸು ರೈಲಿನಲ್ಲಿ ಕೂತು ಪಿನ್ನರ್‌ಗೆ ಬರುತ್ತಿದ್ದಳು. ದುಡ್ಡಿದ್ದವರ ಬೀದಿಯಲ್ಲಿ ಜನಕ್ಕೆ ಸಾಮಾನು ಬೇಗ ಬೇಜಾರಾಗುತ್ತದೆ ಎಂಬುದು ಅವಳು ಕಂಡುಕೊಂಡ ಸತ್ಯ.

"ಸತ್ತವರ ಕೋಟೇ ಇರಬಹುದು ಕಣೇ, ಹೇಸಿಗೆ ಆಗಲ್ವಾ?" ಎಂದು ಕನ್ನಡ ಕೂಟದ ಹೆಂಗಸರು ಮೂಗು ಮುರಿದಿದ್ದುಂಟು.

"ಸತ್ತವರ ಮನೆ ಆಗತ್ತೆ, ಸತ್ತವರ ಬಳೆ ಆಗತ್ತೆ. ಕೋಟು ಮಾತ್ರ ಆಗಲ್ವಾ?" ಎಂದಿದ್ದಳು ಮಾಳವಿಕಾ. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ.

ಅವಳ ಫ್ಲ್ಯಾಟಿನಲ್ಲಿ ಎಲ್ಲವೂ ಹಾಗೆ ಬಂದಿದ್ದೇ. ಅದರಲ್ಲೂ ಅವಳ ಜೀವ ಒಂದು ಹಿತ್ತಾಳೆಯ ಕಾಫಿ ಫಿಲ್ಟರ್. ನಮ್ಮವರಿಗೆ ಪಾತ್ರೆ ಉಡುಗೊರೆ ಕೊಡುವಾಗ ಹೆಸರು ಕೊರೆಸದಿದ್ದರೆ ಸಮಾಧಾನವಿಲ್ಲವಲ್ಲ? ಅದರ ಹೊಟ್ಟೆಯ ಮೇಲೂ ಚುಕ್ಕಿ ಚುಕ್ಕಿಯ ಅಕ್ಷರದಲ್ಲಿ ಕೊರೆದಿತ್ತು: 'ಚಿ.ಸೌ. ಮಾಳವಿಕಾ – ಚಿ. ಸುಶಾಂತ. ಮದುವೆಯ ಜ್ಞಾಪಕಾರ್ಥ, ೨೦೧೭.'

ಯಾವ ಮಾಳವಿಕಾಳೋ, ಯಾವ ಸುಶಾಂತನೋ! ಕ್ರೋಯ್ಡನ್‌ನ ಒಂದು ಅಂಗಡಿಯಲ್ಲಿ ತನ್ನದೇ ಹೆಸರು ಕಂಡು ಇವಳು ಕುಣಿದಾಡಿ ಕೊಂಡು ತಂದಿದ್ದಳು. ಮೂರು ಪೌಂಡಿನ ಚೀಟಿ ಎಷ್ಟು ಉಜ್ಜಿದರೂ ಬಿಡದೆ ತಳದಲ್ಲಿ ಹಾಗೇ ಅಂಟಿಕೊಂಡಿತ್ತು.

ಸಮರ್ಥ ಹಿಡಿ ಹಿಡಿದುಕೊಂಡು ಬಂದ. ಚಕ್ಕುಲಿ ಆಯಿತು. ಹೋಗುವಾಗ ಹಿಡಿಯನ್ನು ಜೇಬಿಗಿಳಿಸಿಕೊಂಡು ಹೋದ. ಮುಂದಿನ ವಾರ ಮತ್ತೆ ಬಂದ! ಆರು ತಿಂಗಳು ಹೀಗೇ ನಡೆಯಿತು. ಅವನು ನೆಲದಡಿಯ ಟ್ಯೂಬ್ ರೈಲಿನ ಸಿಗ್ನಲ್ ಎಂಜಿನಿಯರ್, ಅಪ್ಪ ಅಮ್ಮನ ಜೊತೆ ಪಿನ್ನರ್ ಹತ್ತಿರದ ಸ್ಟ್ಯಾನ್ಮೋರ್‌ನಲ್ಲಿ ವಾಸ. ಹಳೆಯ ರೇಡಿಯೋ ಕೊಂಡು ರಿಪೇರಿ ಮಾಡುವ ಹುಚ್ಚು. ಶನಿವಾರಗಳು ಇಬ್ಬರದೂ ಒಂದಾದವು. ಒಂದು ದಿನ ಅಂಗಡಿಯ ಪುಸ್ತಕದ ಕಪಾಟಿನ ಹಿಂದೆ ನಿಂತು ಅವನು ಹೇಳಿದ.

"ನೀನಿಲ್ದೆ ನಂಗಾಗಲ್ಲ ಮಾಳವಿಕಾ. ಭಾನುವಾರ ಅಮ್ಮನ್ನ ಕರ್ಕೊಂಡು ಬರ್ತೀನಿ."

ಅವಳ ಎದೆ ಹೊಡೆದುಕೊಂಡ ಸದ್ದು ಬ್ರೆಂಡಾಳಿಗೂ ಕೇಳಿಸಿರಬೇಕು.

ಸಮರ್ಥನ ತಾಯಿ ವೈದೇಹಿ ರೇಷ್ಮೆ ಸೀರೆ ಉಟ್ಟು ಬಂದರು. ಮಾಳವಿಕಾಳ ಜೊತೆಗಿದ್ದ ಗೆಳತಿ ಟ್ರೀಸಾ ಅಡುಗೆಮನೆಯಲ್ಲಿ ತಟ್ಟೆ ಜೋಡಿಸುತ್ತಿದ್ದಳು. ಉಡುಪಿ ಕಡೆಯವಳು, ನರ್ಸ್. ಎರಡು ವರ್ಷದ ಹಿಂದೆ ಗಂಡನ ಹೊಡೆತ ಸಾಕಾಗಿ ಡಿವೋರ್ಸ್ ತೆಗೆದುಕೊಂಡು, ಒಂದು ಸೂಟ್‌ಕೇಸ್ ಹಿಡಿದು ಈ ಮನೆಗೆ ಬಂದಿದ್ದಳು.

"ಸೋಫಾ ಚೆನ್ನಾಗಿದೆಯಮ್ಮ. ಎಲ್ಲಿ ತಗೊಂಡೆ?"

"ಚಾರಿಟಿ ಅಂಗಡೀಲಿ, ಆಂಟಿ."

ವೈದೇಹಿ ಒಂದಿಷ್ಟು ಮುಂದೆ ಸರಿದು, ಸೋಫಾದ ಅಂಚಿನಲ್ಲಿ ಕೂತರು. ಮಾಳವಿಕಾಳಿಗೆ ನಗು ಬಂತು. ಇರಲಿ, ಕಾಫಿ ಕುಡಿದರೆ ಮನಸ್ಸು ಕರಗೀತು ಎಂದುಕೊಂಡು ಎಂದೂ ಅಡುಗೆಮನೆಯ ಕಪಾಟು ಬಿಟ್ಟು ಬಾರದ ಫಿಲ್ಟರನ್ನೇ ಮೇಜಿಗೆ ತಂದಿಟ್ಟಳು.

ಅಲ್ಲೇ ಆದದ್ದು ಎಡವಟ್ಟು!

ವೈದೇಹಿ ಕನ್ನಡಕ ಏರಿಸಿದರು. ಹಿತ್ತಾಳೆ ಕಂಡರೆ ಹೆಸರು ಓದುವುದು ನಮ್ಮ ಹೆಂಗಸರಿಗೆ ಹುಟ್ಟುಗುಣ. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. "ಚಿರಂಜೀವಿ ಸೌಭಾಗ್ಯವತಿ ಮಾಳವಿಕಾ... ಚಿರಂಜೀವಿ ಸುಶಾಂತ... ಮದುವೆಯ..."

ಅವರ ಬೆರಳು ಇಸವಿಯ ಮೇಲೆ ನಿಂತಿತು.

"ಮಾಳವಿಕಾ..." ಸಮರ್ಥನ ಮುಖ ಬಿಳಿಚಿಕೊಂಡಿತ್ತು. "ನಿಂಗೆ ಮದುವೆ ಆಗಿತ್ತಾ? ನಂಗೆ ಹೇಳ್ಬಹುದಿತ್ತಲ್ಲ?"

ಅಯ್ಯೋ ಪೆದ್ದೇ! ನಗು ಅವಳ ಗಂಟಲವರೆಗೆ ಬಂದಿತ್ತು. ಫಿಲ್ಟರ್ ಎತ್ತಿ ತಳದ ಚೀಟಿ ತೋರಿಸಲು ಕೈಯೂ ಚಾಚಿದ್ದಳು. ಅಷ್ಟರಲ್ಲಿ ವೈದೇಹಿ ಬಾಯಿ ತೆರೆದರು.

"ಸಾಮಾನು ಸೆಕೆಂಡ್ ಹ್ಯಾಂಡು ಅಂದ್ರೆ ಹೇಗೋ ಸುಮ್ನಿರಬಹುದು ಕಣೋ. ಸೊಸೇನೂ ಸೆಕೆಂಡ್ ಹ್ಯಾಂಡೇ ತರ್ಬೇಕಾ?"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಅಡುಗೆಮನೆ ಬಾಗಿಲಲ್ಲಿ ಕೋಡುಬಳೆ ತಟ್ಟೆ ಹಿಡಿದು ಟ್ರೀಸಾ ನಿಂತಿದ್ದಳು. ಅವಳ ಮುಖ ನೋಡಿದ ಮಾಳವಿಕಾಳ ನಗು ಅಲ್ಲೇ ಸತ್ತುಹೋಯಿತು.

'ಒಂದು ಮಾತು ಹೇಳು ಸಮರ್ಥ... ನಿಮ್ಮಮ್ಮನಿಗೆ ಒಂದೇ ಒಂದು ಮಾತು ಹೇಳು!'

ಅವನು ಫಿಲ್ಟರನ್ನೇ ನೋಡುತ್ತಾ ಕೂತಿದ್ದ.

ಚಾಚಿದ ಕೈಯನ್ನು ಮಾಳವಿಕಾ ಹಿಂದೆ ತೆಗೆದುಕೊಂಡಳು. ಈಗ ಚೀಟಿ ತೋರಿಸಿದರೆ ಏನರ್ಥ? 'ಆಂಟಿ, ನಾನು ಸೆಕೆಂಡ್ ಹ್ಯಾಂಡ್ ಅಲ್ಲ, ನನ್ನನ್ನು ಬೈಬೇಡಿ, ಬೈಯುವುದಾದರೆ ಅಲ್ಲಿ ನಿಂತಿರುವವಳನ್ನು ಬೈಯಿರಿ' ಎಂದಂತಲ್ಲವೇ? ಛೀ! ಅಂಥ ಸಾಕ್ಷಿ ಕೊಟ್ಟು ಗೆಲ್ಲುವ ಪ್ರೀತಿ ಅವಳಿಗೆ ಬೇಕಿರಲಿಲ್ಲ.

"ಈ ಮನೇಲಿರೋದೆಲ್ಲ ಯಾರೋ ಬೇಡ ಅಂದಿದ್ದೇ ಆಂಟಿ," ಎಂದಳು ನೆಟ್ಟಗೆ ನಿಂತು. "ಯಾವುದಕ್ಕೂ ಏನೂ ಕಮ್ಮಿಯಾಗಿಲ್ಲ. ಸಮರ್ಥ, ನಿನ್ನ ಪ್ರಶ್ನೆಗೆ ನನ್ನ ಹತ್ರ ಉತ್ತರ ಇದೆ. ಆದ್ರೆ ಹೇಳಲ್ಲ. ಕಾಫಿ ಆರತ್ತೆ, ಕುಡೀರಿ."

ಯಾರೂ ಕುಡಿಯಲಿಲ್ಲ. ಎದ್ದವರನ್ನು ಮಾಳವಿಕಾ ಬಾಗಿಲಲ್ಲಿ ತಡೆದಳು. ಕಣ್ಣು ತುಂಬಿದ್ದರೂ ಪದ್ಧತಿ ಬಿಡಲಿಲ್ಲ. ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆಯ ಜೊತೆ ಒಂದು ರವಿಕೆ ಕಣ ಇಟ್ಟಳು.

"ಇದೂ ಆ ಅಂಗಡಿದೇನಾ?" ವೈದೇಹಿ ಕೈ ಹಿಂದೆಳೆದರು.

"ಇಲ್ಲ ಆಂಟಿ. ಹೋದ ನವರಾತ್ರೀಲಿ ನಂಗೆ ಯಾರೋ ಕೊಟ್ಟಿದ್ದು. ಅವರಿಗೆ ಇನ್ಯಾರೋ ಕೊಟ್ಟಿದ್ದು. ಹತ್ತು ಮನೆ ಸುತ್ತಿರತ್ತೆ, ಒಂದು ಸಲಾನೂ ಹೊಲಿಸಿರಲ್ಲ. ಅದಕ್ಕೆ ಮಾತ್ರ ನಾವು ಸೆಕೆಂಡ್ ಹ್ಯಾಂಡ್ ಅನ್ನಲ್ಲ, ಅಲ್ವಾ?"

ಕುಂಕುಮ ಕೊಟ್ಟ ಮೇಲೆ ಬೇಡವೆನ್ನಲಾಗದೆ ವೈದೇಹಿ ಕಣವನ್ನು ಚೀಲಕ್ಕೆ ತುರುಕಿಕೊಂಡು ಹೊರಟರು. ಬಾಗಿಲು ಮುಚ್ಚಿದ ಮೇಲೆ ಮಾಳವಿಕಾ ನೆಲದ ಮೇಲೇ ಕೂತು ಅತ್ತಳು.

"ಎಂತ ಮಾರಾಯ್ತಿ ನೀನು!" ಟ್ರೀಸಾ ಅವಳ ಭುಜ ಅಲುಗಿಸಿದಳು. "ಅಡಿ ತಿರುಗಿಸಿ ಚೀಟಿ ತೋರಿಸಿದ್ರೆ ಮುಗೀತಿತ್ತಲ್ಲ? ನನ್ನಿಂದಾಗಿ ನಿನ್ನ ಬದುಕು ಹಾಳು ಮಾಡ್ಬೇಡ. ನಾನೇ ಫೋನ್ ಮಾಡಿ ಹೇಳ್ತೇನೆ ಅವನಿಗೆ."

"ಹೇಳಿದ್ರೆ ನನ್ನಾಣೆ! ಹೇಳಿದ್ರೆ ನಾನು ಪಾಸು, ನೀನು ಫೇಲು ಅಂತಾಗತ್ತೆ. ಆ ಪರೀಕ್ಷೆನೇ ಬೇಡ ನಂಗೆ."

"ಮತ್ತೆ ಅವನು?"

ಮಾಳವಿಕಾ ಎದ್ದು ಆರಿದ ಕಾಫಿ ಚೆಲ್ಲಲು ಹೋದಳು. ಅವನು ಬೇಕು... ಪ್ರಾಣ ಹೋಗುವಷ್ಟು ಬೇಕು! ಆದರೆ ಬಗ್ಗಿ ಪಡೆಯುವಷ್ಟು ಅಲ್ಲ.

ಮರುದಿನ ಅವನ ಮೆಸೇಜ್ ಬಂತು. 'ಯಾವಾಗ, ಏನಾಯ್ತು, ಅಷ್ಟು ಹೇಳು ಸಾಕು.' ಅವಳು 'ಅದು ಅಂಗಡಿಯ ಫಿಲ್ಟರ್ ಕಣೋ' ಎಂದು ಟೈಪ್ ಮಾಡಿ, ಅಳಿಸಿದಳು. ಮತ್ತೆ ಟೈಪ್ ಮಾಡಿ, ಮತ್ತೆ ಅಳಿಸಿದಳು. ಆಮೇಲೆ ಅವನಿಂದಲೂ ಸದ್ದಿಲ್ಲ.

ಮೂರು ಶನಿವಾರ ಅವಳು ಪಿನ್ನರ್ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ಶನಿವಾರ ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ ಸಿಟ್ಟು ನೆತ್ತಿಗೇರಿತು. 'ಅವನಿಗೆ ಹೆದರಿ ನನ್ನ ಅಂಗಡಿ ನಾನ್ಯಾಕೆ ಬಿಡ್ಲಿ?' ಎಂಟು ಪೌಂಡಿನ ಕೋಟು ಹಾಕಿಕೊಂಡು ಹೊರಟೇಬಿಟ್ಟಳು.

ಹಿತ್ತಾಳೆ ಸಾಮಾನಿನ ಕಪಾಟಿನ ಪಕ್ಕ ಸಮರ್ಥ ನಿಂತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಬ್ರೆಂಡಾ ಗಲ್ಲಾದಿಂದಲೇ ಕೂಗಿದಳು. ನಾಲ್ಕು ವಾರದಿಂದ ಬಂದು ನಿಲ್ಲುತ್ತಿದ್ದಾನೆ, ಸುಮ್ಮನೆ ನಿಲ್ಲಲು ನಾಚಿಕೆಯಾಗಿ ನನ್ನ ಹೂದಾನಿಗಳನ್ನೆಲ್ಲ ಕೊಂಡು ಖಾಲಿ ಮಾಡಿದ್ದಾನೆ, ಮೊದಲು ಇವನನ್ನು ಕರೆದುಕೊಂಡು ಹೋಗಮ್ಮ ಎಂದು!

"ಊರಿಗೆ ಬಂದವಳು ನೀರಿಗೆ ಬರಲ್ವಾ ಅಂತ ಕಾಯ್ತಿದ್ದೆ," ಎಂದ ಸಮರ್ಥ.

"ಉತ್ತರ ಕೇಳೋಕೆ ಬಂದಿದ್ರೆ..."

"ಅಲ್ಲ. ಪ್ರಶ್ನೆ ವಾಪಸ್ ತಗೊಳ್ಳೋಕೆ ಬಂದಿದೀನಿ." ಅವನು ಒಂದು ಹೆಜ್ಜೆ ಮುಂದೆ ಬಂದ. "ಅವತ್ತು ಅಮ್ಮ ಆ ಮಾತು ಅಂದಾಗ ನಾನು ಫಿಲ್ಟರ್ ನೋಡ್ತಾ ಕೂತೆ. ನೋಡ್ಬೇಕಾಗಿದ್ದು ನಿನ್ನ ಮುಖ. ಟ್ರೀಸಾ ಮುಖ. ಅದು ತಿಳಿಯೋಕೆ ನಂಗೆ ಒಂದು ವಾರ ಬೇಕಾಯ್ತು. ತಿಳಿದ ಮೇಲೆ ಮೊದಲು ಆಸ್ಪತ್ರೆ ಹತ್ರ ಹೋಗಿ ಟ್ರೀಸಾನ ಕ್ಷಮೆ ಕೇಳ್ದೆ."

"ಟ್ರೀಸಾನಾ? ನಂಗೆ ಹೇಳೇ ಇಲ್ಲ ಅವಳು! ಏನಂದ್ಲು?"

"ಚೆನ್ನಾಗಿ ಬೈದ್ಲು. ಆಮೇಲೆ ಫಿಲ್ಟರ್ ವಿಷಯ ಮಾತ್ರ ಕೇಳ್ಬೇಡ, ಆಣೆ ಇದೆ ಅಂದ್ಲು. ಕೇಳೋಕೆ ಬಂದಿಲ್ಲ ಅಂದೆ. ನಿನಗೆ ಮದುವೆ ಆಗಿತ್ತೋ ಇಲ್ವೋ, ಸುಶಾಂತ ಯಾರೋ... ನೀನು ಹೇಳ್ಬೇಕು ಅನ್ನಿಸಿದ್ರೆ ಹೇಳು. ಇಲ್ಲಾಂದ್ರೆ ಬೇಡ. ನಂಗೆ ನೀನು ಬೇಕು."

"ನಿಮ್ಮಮ್ಮ?"

"ಒಪ್ಪಿಲ್ಲ. ನಾನು ಒಪ್ಪಿಗೆ ಕೇಳ್ಲಿಲ್ಲ, ವಿಷಯ ತಿಳಿಸ್ದೆ." ಅವನ ತುಟಿಯಂಚಿನಲ್ಲಿ ಮೊದಲ ಸಲ ನಗು ಕಂಡಿತು. "ಆದ್ರೆ ಆ ಕಣ ಬಿಚ್ಚಿ ನೋಡಿದ್ರು. ಮಡಿಕೆ ಮೇಲೆ ಅವರದೇ ಕಾಫಿ ಕಲೆ! ಎರಡು ವರ್ಷದ ಹಿಂದೆ ಅವರೇ ಯಾರಿಗೋ ದಾಟಿಸಿದ್ದಂತೆ. ಅವತ್ತಿಂದ ಸೆಕೆಂಡ್ ಹ್ಯಾಂಡ್ ಅನ್ನೋ ಪದ ಮನೇಲಿ ಕೇಳಿಲ್ಲ."

ಮಾಳವಿಕಾ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಸಮರ್ಥ ಜೇಬಿನಿಂದ ಹಿತ್ತಾಳೆಯ ಹಿಡಿ ತೆಗೆದು ಅವಳ ಅಂಗೈಯಲ್ಲಿಟ್ಟ. ಅದರ ಮೇಲೆ ಸೊಟ್ಟ ಸೊಟ್ಟ ಚುಕ್ಕಿಗಳು. ಅವನೇ ಕೂತು ಕೊರೆದದ್ದು. 'ಮಾಳವಿಕಾ – ಸಮರ್ಥ. ಮದುವೆಯ ಜ್ಞಾಪಕಾರ್ಥ.' ಮುಂದೆ ಖಾಲಿ ಜಾಗ.

"ತಾರೀಖು ಎಲ್ಲಿ?"

"ಅದನ್ನ ನೀನು ಹೇಳ್ಬೇಕು."

ಅವಳು ಆ ಸೊಟ್ಟ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಇವನು ಏನೂ ಗೊತ್ತಿಲ್ಲದೆ ಬಂದಿದ್ದಾನೆ. ಏನೂ ಗೊತ್ತಿಲ್ಲದೆ ತನ್ನ ಹೆಸರಿನ ಪಕ್ಕ ಅವನ ಹೆಸರು ಕೊರೆದಿದ್ದಾನೆ! ಇಷ್ಟು ಸಾಕಲ್ಲವೇ?

"ಸುಶಾಂತ ಯಾರು ಅಂತ ನಂಗೂ ಗೊತ್ತಿಲ್ಲ ಕಣೋ," ಎಂದಳು ಮೆಲ್ಲಗೆ. "ಆ ಮಾಳವಿಕಾ ಯಾರು ಅಂತಾನೂ. ಅವತ್ತು ಫಿಲ್ಟರ್ ತಳ ನೋಡಿದ್ರೆ ಕಾಣ್ತಿತ್ತು. ಮೂರು ಪೌಂಡಿನ ಚೀಟಿ ಇನ್ನೂ ಅಂಟ್ಕೊಂಡಿದೆ."

ಸಮರ್ಥ ಮಾರಾಟಕ್ಕಿಟ್ಟಿದ್ದ ಕುರ್ಚಿಯ ಮೇಲೆ ದೊಪ್ಪನೆ ಕೂತ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಟ್ರೀಸಾ ಬಾಗಿಲಲ್ಲಿ ನಿಂತಿದ್ಲು."

ಅವನಿಗೆ ಅರ್ಥವಾಯಿತು. ಎದ್ದು ಅವಳ ಎರಡೂ ಕೈ ಹಿಡಿದುಕೊಂಡ. ಆಮೇಲೆ ಕೇಳಿದ. "ಅಮ್ಮನಿಗೆ ಹೇಳ್ಲಾ?"

"ಬೇಡ! ನಂಗೆ ಮದುವೆ ಆಗಿತ್ತು ಅಂದ್ಕೊಂಡೇ ಒಪ್ಕೊಳ್ಳಲಿ. ಒಪ್ಪಿದ ದಿನ ನಾನೇ ಫಿಲ್ಟರ್ ತಿರುಗಿಸಿ ತೋರಿಸ್ತೀನಿ."

"ಒಪ್ಪದೇ ಇದ್ರೆ?"

"ಒಪ್ಪದೇ ಇದ್ರೂ ತಾರೀಖು ಕೊರೆಸೋದು ನಿಲ್ಲಲ್ಲ."

ಸಮರ್ಥ ನಕ್ಕು, ಅಭ್ಯಾಸಬಲದಿಂದ ಅವಳ ಕೈಯಿಂದ ಹಿಡಿಯನ್ನು ತೆಗೆದು ಜೇಬಿಗೆ ಹಾಕಲು ಹೋದ. ಮಾಳವಿಕಾ ಅವನ ಮಣಿಕಟ್ಟು ಹಿಡಿದಳು.

"ಇನ್ಮೇಲೆ ಅದು ಒರಳಿನ ಜೊತೆ ನಮ್ಮನೇಲೇ ಇರ್ಲಿ."

"ಮತ್ತೆ ನಾನು ಯಾವ ನೆಪ ಇಟ್ಕೊಂಡು ಬರ್ಲಿ?"

"ಬಂದು ಬಂದು ಹೋಗೋದು ಸಾಕು," ಎಂದಳು ಅವಳು, ಅವನ ತೋಳಿಗೆ ತಲೆ ಆನಿಸಿ. "ನೀನೂ ಅಲ್ಲೇ ಇದ್ಬಿಡು."