ಹಸಿ ಎಲೆಗೆ ಬಿದ್ದ ಕಟ್ಟು

ಮೊದಲ ಎಲೆಕೋಸಿನ ಕಟ್ಟು ಬಿಚ್ಚಿದಾಗಲೇ ಬೊರಾಳ ಪಿತ್ತ ನೆತ್ತಿಗೇರಿತು. ಒಳಗಿನ ಎಲೆಗಳು ಲೋಳೆಯಾಗಿ ನಾರುತ್ತಿದ್ದವು. ಪಕ್ಕದ್ದನ್ನು ಬಿಚ್ಚಿದಳು. ಅದರ ಅಂಚೂ ಕಪ್ಪಾಗತೊಡಗಿತ್ತು.

ಕಟ್ಟಿದವಳು ಅವಳಲ್ಲ. ಜ್ವರ ಬಿಟ್ಟು ಇವತ್ತೇ ಹೊಲಕ್ಕೆ ಬಂದಿದ್ದಳು. ಅಷ್ಟರಲ್ಲಿ ಯಾರೋ ಸಾಲುಸಾಲಿಗೂ ಹೊರಗಿನ ಎಲೆಗಳನ್ನು ಮೇಲಕ್ಕೆತ್ತಿ ಭತ್ತದ ಹುಲ್ಲಿನಿಂದ ಬಿಗಿದಿದ್ದರು. ಹೈನಮ್ ಸೀಮೆಯ ಈ ಕಡಲಂಚಿನಲ್ಲಿ ಎಲೆಕೋಸು ಚಳಿಗಾಲವಿಡೀ ಹೊಲದಲ್ಲೇ ನಿಲ್ಲುತ್ತದೆ. ಹಿಮ ಬೀಳುವ ಮುಂಚೆ ತಲೆ ಕಟ್ಟದಿದ್ದರೆ ನಡುವಿನ ಎಳೆಯೆಲೆ ಸುಟ್ಟುಹೋಗುತ್ತದೆ. ಆದರೆ ಹಸಿ ಎಲೆಯನ್ನು ಕಟ್ಟಬಾರದು, ನೀರು ಒಳಗೇ ನಿಂತು ಕೊಳೆಯುತ್ತದೆ ಎಂಬುದು ಇಲ್ಲಿ ಮೂಗು ಸುರಿಸುವ ಮಕ್ಕಳಿಗೂ ಗೊತ್ತು.

ಗಂಟು ನೋಡಿದಳು. ಎಡಕ್ಕೆ ತಿರುಚಿ ತುದಿಯನ್ನು ಒಳಗೆ ತುರುಕಿದ್ದರು. ಊರಿನಲ್ಲಿ ಎಡಚ ಒಬ್ಬನೇ, ಪಕ್ಕದ ಹೊಲದ ಮಾನ್‌ಸು.

ಅಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪ ಕಡ್ಡಿ ಮುರಿದಂತೆ ಹೇಳಿದ್ದ. "ಈ ಚಳಿಗಾಲ ಬೆಳೆ ಉಳಿಸ್ಕೊಂಡ್ರೆ ಹೊಲ ನಿನ್ನದು. ಇಲ್ಲಾಂದ್ರೆ ಮಾನ್‌ಸುಗೆ ಗೇಣಿಗೆ ಕೊಡ್ತೀನಿ."

ಕೊಳೆತ ಎಲೆಕೋಸನ್ನು ಎತ್ತಿಕೊಂಡು ಬೊರಾ ನೇರವಾಗಿ ಅವನ ಹುಲ್ಲಿನ ಕೊಟ್ಟಿಗೆಗೆ ನುಗ್ಗಿ, ಅದನ್ನು ಅವನ ಎದೆಗೇ ಎಸೆದಳು.

"ಹೊಲ ಬೇಕಿದ್ರೆ ಬಾಯಿಬಿಟ್ಟು ಕೇಳೋಕೇನಾಗಿತ್ತೋ, ಕಳ್ಳ? ನಾನು ಹಾಸಿಗೆ ಹಿಡಿದಿರೋದು ನೋಡ್ಕೊಂಡು ಬೆಳೆ ಕೊಳೆಸ್ತೀಯಾ?"

ಮಾನ್‌ಸು ಅಂಗಿಯ ಮೇಲಿನ ಲೋಳೆಯನ್ನೂ ಒರೆಸಿಕೊಳ್ಳಲಿಲ್ಲ. ಅವನ ಕಿವಿ ಕೆಂಪಾಗಿತ್ತು.

"ಹೊಲ ಬೇಕಿದ್ರೆ ಬೆಚ್ಚಗೆ ಹೊದ್ಕೊಂಡು ಮಲಗಿರ್ತಿದ್ದೆ ಕಣೇ. ಹಿಮಾನೇ ಕೆಲಸ ಮುಗಿಸ್ತಿತ್ತು."

ಅದು ನಿಜ. ನಿಜವೆಂದು ತಿಳಿದದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಮತ್ತೆ ಇಬ್ಬನಿ ಆರೋವರೆಗೆ ಕಾಯೋಕೆ ಏನು ಧಾಡಿ?"

"ಅದಕ್ಕೇ ಕತ್ತಲಲ್ಲೇ ಕಟ್ಟಿದ್ದು. ಬೆಳಕು ಹರಿದ್ರೆ ನೀನು ಕಿಟಕೀಲಿ ನೋಡ್ತಿದ್ದೆ. ನೋಡಿದ್ರೆ ಜ್ವರದಲ್ಲೇ ಕುಡುಗೋಲು ಹಿಡ್ಕೊಂಡು ಬರ್ತಿದ್ದೆ. ಕೊಯ್ಲಲ್ಲಿ ಕೈಜೋಡಿಸೋಕೆ ಬಂದಾಗ ಏನಂದಿದ್ದೆ ನನಗೆ? ನಿನ್ನ ಕನಿಕರ ನಿನ್ನ ಹತ್ರಾನೇ ಇಟ್ಕೋ ಅಂದಿದ್ದೆ."

"ಈಗ್ಲೂ ಅಂತೀನಿ!"

"ಕನಿಕರ ಅಲ್ಲ ಅದು!" ಮಾನ್‌ಸು ಕೂಗಿಯೇಬಿಟ್ಟ. ಆಮೇಲೆ ಅವನ ದನಿ ತಾನಾಗಿ ಇಳಿಯಿತು. "ನಿನ್ನ ಕಂಡ್ರೆ ನಂಗಿಷ್ಟ. ಸ್ಕೂಲಿಗೆ ಹೋಗೋವಾಗಿಂದ. ಹೇಳೋಕೆ ಬರ್ಲಿಲ್ಲ. ಹುಲ್ಲು ಕಟ್ಟೋಕೆ ಬರ್ತಿತ್ತು, ಕಟ್ಟಿದೆ."

ಅವನ ಬೆರಳುಗಳು ಚಳಿಗೆ ಒಡೆದಿದ್ದವು, ಹುಲ್ಲು ಕೊಯ್ದ ಗೆರೆಗಳಲ್ಲಿ ರಕ್ತ ಒಣಗಿತ್ತು. ಬೊರಾಳಿಗೆ ಆ ಕೈಯನ್ನು ಹಿಡಿದುಕೊಂಡು ಅಳಬೇಕೆನಿಸಿತು. ಅದೇ ಉಸಿರಿನಲ್ಲಿ ಎರಡು ಬಾರಿಸಬೇಕೆಂದೂ ಅನ್ನಿಸಿತು.

"ಇಷ್ಟ ಇದ್ರೆ ಹೀಗಾ ಮಾಡೋದು, ದಡ್ಡ ಶಿಖಾಮಣಿ? ಇವತ್ತು ರಾತ್ರಿ ಮತ್ತೆ ಹಿಮ ಬೀಳತ್ತೆ. ನಡಿ, ಎಲ್ಲಾ ಬಿಚ್ಚಿ ಒಣಗಿಸಿ ಮತ್ತೆ ಕಟ್ಟಬೇಕು."

"ಹಗಲಲ್ಲೇ? ಊರು ನೋಡತ್ತಲ್ಲೇ."

"ನೋಡ್ಲಿ!"

ಇಬ್ಬರೂ ಕಟ್ಟುಗಳನ್ನು ಬಿಚ್ಚುತ್ತಾ ಹೋದರು. ತಗ್ಗಿನ ಸಾಲು ಕೊಳೆತುಹೋಗಿತ್ತು, ಮಿಕ್ಕವುಗಳಿಗೆ ಜೀವವಿತ್ತು. ಬಿಸಿಲೂ ಕಡಲ ಗಾಳಿಯೂ ಸೇರಿ ಮಧ್ಯಾಹ್ನದ ಹೊತ್ತಿಗೆ ಎಲೆಗಳು ಆರಿದವು. ಅವಳು ಎಲೆಗಳನ್ನು ಒಟ್ಟುಮಾಡಿ ಹಿಡಿದರೆ ಅವನು ಹುಲ್ಲು ಸುತ್ತುತ್ತಿದ್ದ. ಬೆರಳಿಗೆ ಬೆರಳು ತಾಗಿದಾಗಲೆಲ್ಲ ಅವನು ಕೈ ಹಿಂದೆಗೆಯುತ್ತಿದ್ದ, ಅವಳು ಬೈಯುತ್ತಿದ್ದಳು.

"ಸಡಿಲ ಬಿಡ್ಬೇಡ! ನಾನೇನು ಬೆಂಕೀನಾ?"

"ಹೌದು," ಎಂದ ಮಾನ್‌ಸು, ತಲೆ ಎತ್ತದೆ.

ಬದುವಿನ ಮೇಲೆ ಹೋಗುತ್ತಿದ್ದ ಮೇಲ್ಕೇರಿಯ ಅಜ್ಜಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಕೂಗಿದಳು. "ಏನೇ ಬೊರಾ, ಚಳಿಗಾಲ ಮುಗಿಯೋ ಮುಂಚೇನೇ ಹೊಲ ಅವನ ಪಾಲಾಯ್ತಾ?"

ಬೊರಾ ಸರ್ರನೆ ಎದ್ದು ನಿಂತಳು.

"ಹೊಲ ನಂದೇ ಅಜ್ಜಿ! ಇವನೂ ನನ್ನವನೇ! ಇಡೀ ಊರಿಗೆ ಹೇಳ್ಕೊಂಡು ಬನ್ನಿ!"

ಮಾನ್‌ಸುವಿನ ಕೈಯಿಂದ ಹುಲ್ಲು ಜಾರಿತು.

"ಏನು ಬಾಯಿಬಿಟ್ಕೊಂಡು ನೋಡ್ತೀಯಾ?" ಎಂದು ಬೊರಾ ಗದರಿದಳು. ಅವಳ ಕಣ್ಣು ತುಂಬಿತ್ತು. "ಹೊತ್ತು ಮುಳುಗ್ತಿದೆ, ಕಟ್ಟು."