ನಿನ್ನೆ ಸಂಜೆ ಚಿಕ್ಕಪ್ಪ ಎಲ್ಲಿದ್ದ?

“ನನ್ ಬೋರ್‌ವೆಲ್ ಕೇಬಲ್ಲ ಎಲ್ಲಿ ಮಡುಗಿದ್ದೀಯ? ನಿಜ ಏಳ್ಬುಡ್ಲಾ ಶಿವಮಲ್ಲು!”

ಪಕ್ಕದ ಮನೆಯ ಮಹದೇವಸ್ವಾಮಿ ಅಂಗಳದಲ್ಲಿ ನಿಂತು ಕೂಗುತ್ತಿದ್ದರು. ಸ್ಕೂಲಿಗೆ ಹೊರಟಿದ್ದ ರಂಜಿನಿ ಒಂದು ಕಾಲಿಗೆ ಶೂ ಹಾಕಿ, ಇನ್ನೊಂದು ಶೂ ಕೈಯಲ್ಲಿ ಹಿಡಿದು ಬಾಗಿಲಿಗೆ ಓಡಿ ಬಂದಳು.

ಅವಳ ಚಿಕ್ಕಪ್ಪ ಶಿವಮಲ್ಲು ಅರಿಶಿನ ಬೇಯಿಸುವ ಒಲೆಗೆ ಸೌದೆ ಒಡೆಯುತ್ತಿದ್ದ. ಕೊಡಲಿ ಕೆಳಗಿಟ್ಟು, ಎರಡೂ ಜೇಬು ಹೊರಗೆಳೆದು ತೋರಿಸಿದ. ಮೈಸೂರು ಜೈಲಿನಲ್ಲಿ ಮೂರು ವರ್ಷ ದಿನಾ ಸಂಜೆ ಹಾಗೆ ತೋರಿಸಿ ರೂಢಿಯಾಗಿಬಿಟ್ಟಿತ್ತು. ಐವತ್ತು ಮೀಟರ್ ಕೇಬಲ್ ಜೇಬಿನಲ್ಲಿ ಹಿಡಿಸುತ್ತದೆಯೇ, ನೀವೇ ಹೇಳಿ!

“ನೋಡಿ ಸಾ, ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ಕತಾನೆ” ಎಂದರು ಮಹದೇವಸ್ವಾಮಿ.

ಜಗಲಿಯ ಮೇಲೆ ಫೈಲು ಬಿಚ್ಚಿಕೊಂಡು ಕುಳಿತಿದ್ದವರು ಆಫೀಸರ್ ಚಂದ್ರಕುಮಾರ್. ಚಿಕ್ಕಪ್ಪ ಒಮ್ಮೆ ಯಾರದೋ ಪಂಪ್‌ಸೆಟ್ ಮೋಟಾರ್ ಕದ್ದು ಜೈಲಿಗೆ ಹೋಗಿದ್ದ. ಒಳ್ಳೆಯ ನಡತೆ ನೋಡಿ ಸ್ವಲ್ಪ ಮುಂಚೆಯೇ ಬಿಟ್ಟಿದ್ದರು. ಆದರೆ ಒಂದು ವರ್ಷ ಅವನ ಮೇಲೆ ದೂರು ಬರಬಾರದು. ಬಂದರೆ ತಿರುಗಿ ಒಳಗೆ. ಅದಕ್ಕೇ ಈ ಆಫೀಸರ್ ತಿಂಗಳಿಗೊಮ್ಮೆ ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಇನ್ನು ನಾಲ್ಕೇ ತಿಂಗಳು ಉಳಿದಿತ್ತು.

“ನಿನ್ನೆ ಅಯ್ದ್ ಗಂಟೇಲಿ ಕೇಬಲ್ ಇತ್ತು. ಆರ್ ಗಂಟೇಲಿ ಓಗಿ ನೋಡುದ್ರೆ ಇಲ್ಲ!”

“ಆ ಹೊತ್ತಿನಲ್ಲಿ ಎಲ್ಲಿದ್ದೆ ಶಿವಮಲ್ಲು?” ಆಫೀಸರ್ ಕೇಳಿದರು.

ಚಿಕ್ಕಪ್ಪ ನೆಲ ನೋಡಿದ. “ಇಲ್ಲೇ ಎಲ್ಲೋ ಇದ್ದೆ ಸಾ.”

ರಂಜಿನಿಗೆ ಗೊತ್ತಿತ್ತು. ಎಲ್ಲೋ ಅಲ್ಲ! ಅವನು ಕೆರೆ ಏರಿಯ ಮೇಲೆ ಅವಳ ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುತ್ತಿದ್ದ. ಅವಳು ಟ್ಯೂಷನ್ನಿಗೆ ಚಕ್ಕರ್ ಹೊಡೆದಿದ್ದಳು. ‘ಅಮ್ಮಂಗೆ ಹೇಳ್ಬೇಡ ಚಿಕ್ಕಪ್ಪ, ಪ್ರಾಮಿಸ್?’ ಅಂದಿದ್ದಳು. ‘ಪ್ರಾಮಿಸ್ ಕಣಮ್ಮಿ’ ಅಂದಿದ್ದ. ಇನ್ನೊಂದು ಸಲ ಟ್ಯೂಷನ್ ತಪ್ಪಿಸಿದರೆ ಗೋಪಾಲಸ್ವಾಮಿ ಬೆಟ್ಟದ ಟೂರಿಗೆ ಕಳಿಸುವುದಿಲ್ಲ ಎಂದು ಅಮ್ಮ ಮೊದಲೇ ಹೇಳಿದ್ದಳು.

“ಎಲ್ಲೋ ಅಂದ್ರೆ ನಾನು ಏನಂತ ಬರೆಯಲಿ?” ಆಫೀಸರ್ ಪೆನ್ನು ಎತ್ತಿದರು. “ನಾನು ನೋಡಿರೋರಲ್ಲಿ ಎಷ್ಟೋ ಜನ ಮೊದಲನೇ ವರ್ಷದಲ್ಲೇ ವಾಪಸ್ ಹೋದ್ರು. ನೀನು ಹೋಗಲ್ಲ ಅಂದ್ಕೊಂಡಿದ್ದೆ.”

ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

“ನನ್ ಜೊತೆ ಇದ್ದ!” ರಂಜಿನಿ ಕಿರುಚಿದಳು. “ನಾನು ಟ್ಯೂಷನ್ಗೆ ಹೋಗಿರ್ಲಿಲ್ಲ. ಸೈಕಲ್ ಕಲೀತಿದ್ದೆ. ಬಿದ್ದೆ. ನೋಡಿ!” ಸಾಕ್ಸ್ ಕೆಳಗೆಳೆದು ಮೊಣಕಾಲಿನ ಕೆಳಗಿನ ತರಚು ಗಾಯ ತೋರಿಸಿದಳು. ಅಳು ಬಂದುಬಿಟ್ಟಿತು.

“ನೀನ್ಯಾಕೆ ಹೇಳಲಿಲ್ಲ?” ಆಫೀಸರ್ ಚಿಕ್ಕಪ್ಪನನ್ನು ಕೇಳಿದರು.

“ಮಗೀಗೆ ಮಾತ್ ಕೊಟ್ಟಿದ್ದೆ ಸಾ.”

“ಚಿಕ್ ಉಡುಗಿ ಮಾತ ಬರ್ಕತೀರಾ ಸಾ?” ಮಹದೇವಸ್ವಾಮಿ ಗೊಣಗಿದರು.

“ಬರ್ಕೋತೀನಿ” ಎಂದು ಆಫೀಸರ್ ಬರೆದುಕೊಂಡೇಬಿಟ್ಟರು.

ಕೇಬಲ್ ಮಧ್ಯಾಹ್ನವೇ ಸಿಕ್ಕಿತು. ಮಹದೇವಸ್ವಾಮಿಯ ಮಗ ಶರತ್, ಪಕ್ಕದಲ್ಲೇ ಕಳ್ಳ ಇದ್ದಾನೆಂದು ಹೆದರಿ, ತಾನೇ ಅದನ್ನು ಸುತ್ತಿ ತಮ್ಮ ಮನೆಯ ಅರಿಶಿನದ ಮೂಟೆಗಳ ಹಿಂದೆ ಬಚ್ಚಿಟ್ಟು ಮೈಸೂರಿಗೆ ಹೋಗಿದ್ದನಂತೆ. ಈ ಸುದ್ದಿ ಹೇಳಲು ಮಹದೇವಸ್ವಾಮಿ ಬರಲಿಲ್ಲ. ಅವರ ಹೆಂಡತಿ ಬೇಲಿಯಾಚೆಯಿಂದ ಹೇಳಿ, ಸರಸರ ಒಳಗೆ ಹೋದರು.

ಸಂಜೆ ಅಮ್ಮ ರಂಜಿನಿಗೆ ಚೆನ್ನಾಗಿ ಬೈದಳು. ರೊಟ್ಟಿ ಬೇಯುವಷ್ಟರಲ್ಲಿ ಕೋಪ ಇಳಿಯಿತು. “ಟೂರ್ಗೆ ಸ್ವೆಟ್ರು ತಗಂಡೋಗು, ಬೆಟ್ಟದ್ ಮ್ಯಾಲೆ ಚಳಿ” ಎಂದಳು.

ರಂಜಿನಿ ತಟ್ಟೆ ಹಿಡಿದು ಚಿಕ್ಕಪ್ಪನ ಪಕ್ಕ ಕೂತಳು.

“ಚಿಕ್ಕಪ್ಪ, ಇನ್ನೊಂದ್ಸಲ ಯಾರ್ದಾದ್ರೂ ಏನಾದ್ರೂ ಕಳ್ದೋದ್ರೆ?”

“ಇಲ್ಗೇ ಬತ್ತಾರೆ ಕಣಮ್ಮಿ.” ಹತ್ತು ಗಂಟೆಗೆ ಬಸ್ ಬರುತ್ತದೆ ಎನ್ನುವಂತೆ ಹೇಳಿದ.

ಅವಳು ಈ ತಿಂಗಳು ತಾನು ಹೇಳಿದ ಸುಳ್ಳುಗಳನ್ನು ಎಣಿಸಿದಳು. ಒಂದು ಕೈಯ ಬೆರಳು ಸಾಲಲಿಲ್ಲ. ಅವುಗಳಲ್ಲಿ ಒಂದೂ ಈಗ ಯಾರಿಗೂ ನೆನಪಿರಲಿಲ್ಲ. ಚಿಕ್ಕಪ್ಪ ಕದ್ದಿದ್ದು ಒಂದೇ ಸಲ.

ರೊಟ್ಟಿಯ ಇನ್ನೊಂದು ತುಂಡು ಮುರಿದಳು.

“ನಾನು ಸ್ಕೂಲಲ್ಲಿದ್ರೆ ಮಿಸ್‌ಗೆ ಫೋನ್ ಮಾಡ್ಸು ಚಿಕ್ಕಪ್ಪ” ಎಂದಳು. “ಓಡ್ಬತ್ತೀನಿ.”